ದೂತರು ಏಳು, ಹೆಸರು ಮೂರು

(ಬೆಂಗಳೂರಿನ ಬಡಾವಣೆಯೊಂದರ ವಾಚನಾಲಯದಲ್ಲಿ ನಮ್ಮ ವರದಿಗಾರರು ನೀಡಿದ ಉಪನ್ಯಾಸದ ಪಠ್ಯ)



ಪತ್ರಿಕೋದ್ಯಮದ ಡಿಪ್ಲೊಮಾ ತರಗತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠ ಬಹಳ ಸರಳವಾದದ್ದು. ಹೆಸರು ತಪ್ಪಾಗಬಾರದು, ಗೊತ್ತಿಲ್ಲದ ಹೆಸರನ್ನು ಊಹಿಸಿ ಬರೆಯಬಾರದು. ಅಪಘಾತದಲ್ಲಿ ಏಳು ಮಂದಿ ಸತ್ತು ಮೂವರ ಹೆಸರಷ್ಟೇ ತಿಳಿದಿದ್ದರೆ ಮೂವರದನ್ನೇ ಕೊಡಬೇಕು. ಉಳಿದವರ ಹೆಸರು ತಿಳಿದುಬಂದಿಲ್ಲ ಎಂದು ಬರೆದು ಸುಮ್ಮನಾಗಬೇಕು. ಈ ಪಾಠ ನನಗೆ ಮತ್ತೆ ನೆನಪಾದದ್ದು ಕ್ಯಾಥೊಲಿಕ್ ಕ್ರೈಸ್ತರ ಪ್ರಧಾನ ದೇವದೂತರ ಬಗ್ಗೆ ಓದುವಾಗ. ವಿಚಿತ್ರವೆನ್ನಿಸಬಹುದು, ಆದರೆ ನಿಜ.

ಓದಲು ಕಾರಣವಾದದ್ದು ನಮ್ಮ ಪಕ್ಕದ ಮನೆ. ಅಲ್ಲಿರುವುದು ಒಂದು ಕ್ಯಾಥೊಲಿಕ್ ಕುಟುಂಬ. ಕಳೆದ ವರ್ಷ ಮನೆಯ ಯಜಮಾನರು ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದರು. ಯಾರೋ ಬಂಧುಗಳು ಅವರ ಹೆಂಡತಿಗೆ ಮೊಬೈಲಿನಲ್ಲಿ ಒಂದು ಚಿತ್ರ ಕಳುಹಿಸಿದ್ದರು. ಅದರಲ್ಲಿ ಏಳು ದೇವದೂತರು, ಏಳು ಹೆಸರುಗಳು, ವಾರದ ಒಂದೊಂದು ದಿನಕ್ಕೆ ಒಬ್ಬೊಬ್ಬರು. ಆಕೆ ಅದರ ಪ್ರತಿ ತೆಗೆಸಿ ಹಾಸಿಗೆಯ ಪಕ್ಕದಲ್ಲಿ ಅಂಟಿಸಿದ್ದರು. ರೋಗಿಯನ್ನು ನೋಡಲು ಬಂದ ಧರ್ಮಗುರುಗಳು ಅದನ್ನು ಕಂಡು ಮೆಲ್ಲಗೆ ಹೇಳಿದರಂತೆ: ಇವರಲ್ಲಿ ಮೂವರ ಹೆಸರು ಮಾತ್ರ ನಮಗೆ ಗೊತ್ತಿರುವುದು, ಉಳಿದ ನಾಲ್ಕನ್ನು ಧರ್ಮಸಭೆ ಒಪ್ಪುವುದಿಲ್ಲ. ಆ ಸಂಜೆ ಆಕೆ ನನ್ನ ತಾಯಿಯ ಮುಂದೆ ನೊಂದುಕೊಂಡು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಕಷ್ಟಕಾಲದಲ್ಲಿ ಏಳು ಜನರನ್ನು ಕರೆಯುತ್ತಿದ್ದೆ. ಫಾದರ್ ಬಂದು ನಾಲ್ವರನ್ನು ವಾಪಸ್ ಕಳುಹಿಸಿಬಿಟ್ಟರು."

ನಾನು ಕ್ರೈಸ್ತನಲ್ಲ. ಆದರೂ ಆ ಮಾತು ನನ್ನನ್ನು ಕಾಡಿತು. ನಂಬುವವರಿಗೆ ನಾಲ್ಕು ಹೆಸರು ಹೆಚ್ಚಾದರೆ ನಷ್ಟವೇನು? ಎರಡು ಸಾವಿರ ವರ್ಷಗಳ ಒಂದು ಸಂಸ್ಥೆ ಇಷ್ಟು ಚಿಕ್ಕ ವಿಷಯದಲ್ಲಿ ಇಷ್ಟು ಬಿಗಿಯಾಗಿ ಏಕೆ ನಿಲ್ಲಬೇಕು? ಇಂದಿನ ಮಾತು ಈ ಪ್ರಶ್ನೆಯ ಸುತ್ತಲೇ.

ಮೊದಲು ಪದದ ಅರ್ಥ ನೋಡೋಣ. ಇಂಗ್ಲಿಷಿನ 'ಏಂಜೆಲ್' ಎಂಬುದರ ಮೂಲ ಗ್ರೀಕ್ ಭಾಷೆಯ 'ಆಂಗೆಲೋಸ್'. ಸುದ್ದಿ ಒಯ್ಯುವವನು ಎಂದಷ್ಟೇ ಅದರ ಅರ್ಥ. ಅದಕ್ಕೆ ಸಮನಾದ ಹೀಬ್ರೂ ಪದ 'ಮಲಾಖ್'ಗೂ ಅದೇ ಅರ್ಥ. ಕನ್ನಡದ 'ದೇವದೂತ' ಇದಕ್ಕೆ ಹೇಳಿ ಮಾಡಿಸಿದ ಪದ. ಉತ್ತರ ಆಫ್ರಿಕದ ಬಿಷಪ್ ಆಗಿದ್ದ ಸಂತ ಅಗಸ್ಟಿನ್ ಸುಮಾರು ಸಾವಿರದ ಆರುನೂರು ವರ್ಷಗಳ ಹಿಂದೆಯೇ ಒಂದು ಸೂಕ್ಷ್ಮವನ್ನು ಗುರುತಿಸಿದ್ದ. ದೂತ ಎಂಬುದು ಅವರ ಕೆಲಸದ ಹೆಸರು, ಅವರ ಸ್ವರೂಪದ ಹೆಸರಲ್ಲ. ಸ್ವರೂಪದಲ್ಲಿ ಅವರು ಶರೀರವಿಲ್ಲದ ಚೇತನಗಳು ಎಂದು ಆತ ವಿವರಿಸಿದ. ಟಪಾಲಿನವನು ಎಂದಾಗ ಆತನ ಊರು, ಕುಲ, ಮನೆತನ ನಮಗೆ ತಿಳಿಯುವುದಿಲ್ಲ. ಕೆಲಸ ಮಾತ್ರ ತಿಳಿಯುತ್ತದೆ. ಇದೂ ಹಾಗೆಯೇ.

ದೇವದೂತರು ಇದ್ದಾರೆ ಎಂಬುದು ಕ್ಯಾಥೊಲಿಕರಿಗೆ ಜನಪದ ನಂಬಿಕೆಯಷ್ಟೇ ಅಲ್ಲ, ವಿಶ್ವಾಸದ ಭಾಗ. ದೇವರು ಕಾಣುವ ಸೃಷ್ಟಿಯ ಜೊತೆಗೆ ಕಾಣದ ಸೃಷ್ಟಿಯನ್ನೂ ಮಾಡಿದ ಎಂದು 1215ರ ನಾಲ್ಕನೇ ಲ್ಯಾಟೆರನ್ ಮಹಾಸಭೆ ಸಾರಿತು. 1992ರಲ್ಲಿ ಹೊರಬಂದ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥವೂ ಇದನ್ನೇ ಹೇಳುತ್ತದೆ. ಅವರಿಗೆ ಬುದ್ಧಿ ಇದೆ, ಇಚ್ಛೆ ಇದೆ, ಸಾವಿಲ್ಲ. ಆದರೆ ಅವರು ದೇವರುಗಳಲ್ಲ. ನಮ್ಮಂತೆಯೇ ಸೃಷ್ಟಿಯಾದವರು. ಆರಾಧನೆ ದೇವರಿಗೆ ಮಾತ್ರ. ದೂತರಿಗೂ ಸಂತರಿಗೂ ಸಲ್ಲುವುದು ಗೌರವ ಮತ್ತು ಬಿನ್ನಹ. ಈ ಭೇದವನ್ನು ಮರೆತರೆ ಮುಂದಿನ ಯಾವ ಮಾತೂ ಅರ್ಥವಾಗುವುದಿಲ್ಲ.

ಶರೀರವಿಲ್ಲ ಎಂದ ಮೇಲೆ ರೆಕ್ಕೆಗಳು ಎಲ್ಲಿಂದ ಬಂದವು ಎಂದು ನೀವು ಕೇಳಬಹುದು. ರೆಕ್ಕೆ ಕಲಾವಿದರ ಕೊಡುಗೆ. ರೋಮ್ ನಗರದ ನೆಲಮಾಳಿಗೆಯ ಸಮಾಧಿಗಳಲ್ಲಿರುವ ಅತಿ ಹಳೆಯ ಕ್ರೈಸ್ತ ಚಿತ್ರಗಳಲ್ಲಿ ದೇವದೂತ ರೆಕ್ಕೆಯಿಲ್ಲದ ಸಾಮಾನ್ಯ ಮನುಷ್ಯನಂತೆಯೇ ನಿಂತಿದ್ದಾನೆ. ರೆಕ್ಕೆಗಳು ಕಾಣಿಸಿಕೊಳ್ಳುವುದು 4ನೇ ಶತಮಾನದ ಕೊನೆಯ ಭಾಗದಿಂದ.

ಇನ್ನು 'ಪ್ರಧಾನ ದೂತ' ಎಂಬ ಪದವಿ. ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಎರಡೇ ಸಲ: ಥೆಸಲೋನಿಕದವರಿಗೆ ಪೌಲ ಬರೆದ ಮೊದಲ ಪತ್ರದಲ್ಲಿ ಒಮ್ಮೆ, ಯೂದನ ಚಿಕ್ಕ ಪತ್ರದಲ್ಲಿ ಇನ್ನೊಮ್ಮೆ. ಈ ಎರಡರಲ್ಲಿ ಹೆಸರು ಹೇಳಿರುವುದು ಒಂದೇ ಕಡೆ, ಅದು ಮಿಕಾಯೇಲನದು. ಇನ್ನೂ ಒಂದು ಅಚ್ಚರಿಯಿದೆ. ಸುಮಾರು ಕ್ರಿ.ಶ. 500ರ ಹೊತ್ತಿಗೆ ಡಯೊನೀಸಿಯಸ್ ಎಂಬ ಹೆಸರಿನಲ್ಲಿ ಬರೆದ ಅಜ್ಞಾತ ಲೇಖಕನೊಬ್ಬ ದೇವದೂತರನ್ನು ಒಂಬತ್ತು ಶ್ರೇಣಿಗಳಾಗಿ ವಿಂಗಡಿಸಿದ. ಮೇಲಿನಿಂದ ಎಣಿಸಿದರೆ ಮೊದಲು ಸೆರಾಫಿಮರು, ಬಳಿಕ ಕೆರೂಬಿಮರು. ಪ್ರಧಾನ ದೂತರಿಗೆ ಸಿಕ್ಕಿದ್ದು ಎಂಟನೇ ಸ್ಥಾನ! ಅವರ ಕೆಳಗೆ ಉಳಿದವರು ಸಾಮಾನ್ಯ ದೂತರು ಮಾತ್ರ. ಮನುಷ್ಯರ ಹತ್ತಿರ ಬರಬೇಕಾದವರು ಮೆಟ್ಟಿಲ ಕೆಳಗಿರುವುದೇ ಸರಿ ಎಂಬುದು ಇದರ ತರ್ಕವಿರಬೇಕು. ಮಧ್ಯಯುಗದ ಪಂಡಿತರು ಈ ವಿಂಗಡಣೆಯನ್ನು ಬಹುವಾಗಿ ಮೆಚ್ಚಿಕೊಂಡರು. ಆದರೆ ಇದನ್ನು ನಂಬಲೇಬೇಕೆಂಬ ಕಟ್ಟಳೆ ಇಲ್ಲ.

ಹೆಸರುಳ್ಳ ಮೂವರ ಪರಿಚಯ ಈಗ ಮಾಡಿಕೊಳ್ಳೋಣ.

ಮೊದಲನೆಯವನು ಮಿಕಾಯೇಲ. 'ದೇವರಿಗೆ ಸಮಾನರು ಯಾರು?' ಎಂದು ಈ ಹೆಸರಿನ ಅರ್ಥ. ಹೆಸರೇ ಒಂದು ಪ್ರಶ್ನೆ. ದಾನಿಯೇಲನ ಗ್ರಂಥದಲ್ಲಿ ಈತ ಇಸ್ರೇಲ್ ಜನರ ರಕ್ಷಕ. ಪ್ರಕಟನೆ ಗ್ರಂಥದಲ್ಲಿ ಘಟಸರ್ಪದ ವಿರುದ್ಧ ಹೋರಾಡುವ ದಂಡನಾಯಕ. ಚಿತ್ರಗಳಲ್ಲಿ ಒಂದು ಕೈಯಲ್ಲಿ ಖಡ್ಗವಿದ್ದರೆ ಇನ್ನೊಂದು ಕೈಯಲ್ಲಿ ಸತ್ತವರ ಆತ್ಮಗಳನ್ನು ತೂಗುವ ತಕ್ಕಡಿ. ತಕ್ಕಡಿ ಬೈಬಲಿನಲ್ಲಿಲ್ಲ. ನಮ್ಮಲ್ಲಿ ಚಿತ್ರಗುಪ್ತನ ಲೆಕ್ಕದ ಪುಸ್ತಕವಿದ್ದಂತೆ, ಸತ್ತ ಮೇಲೆ ಲೆಕ್ಕ ಕೇಳುವವರಿದ್ದಾರೆ ಎಂಬ ಭಾವನೆ ಅಲ್ಲಿಯೂ ಒಂದು ರೂಪ ಪಡೆಯಿತು. ಐದನೇ ಶತಮಾನದ ಕೊನೆಯಲ್ಲಿ ದಕ್ಷಿಣ ಇಟಲಿಯ ಗಾರ್ಗಾನೊ ಬೆಟ್ಟದ ಗುಹೆಯಲ್ಲಿ ಮಿಕಾಯೇಲ ಪ್ರತ್ಯಕ್ಷನಾದನೆಂದು ಐತಿಹ್ಯ. ತಪ್ಪಿಸಿಕೊಂಡ ಗೂಳಿಯೊಂದು ಗುಹೆಯ ಬಾಗಿಲಲ್ಲಿ ಸಿಕ್ಕಿತಂತೆ. ಅದಕ್ಕೆ ಬಿಟ್ಟ ಬಾಣ ಬಿಟ್ಟವನತ್ತಲೇ ತಿರುಗಿತಂತೆ. ಹುತ್ತದ ಮೇಲೆ ಹಸು ಹಾಲು ಸುರಿಸಿದ ನಮ್ಮ ಸ್ಥಳಪುರಾಣಗಳನ್ನು ಬಲ್ಲವರಿಗೆ ಈ ಕಥೆ ಅಪರಿಚಿತವೆನ್ನಿಸದು. ಫ್ರಾನ್ಸಿನ ಕಡಲ ನಡುವಿನ ಮೊಂ ಸೇಂ ಮಿಶೆಲ್ ದ್ವೀಪದ ದೇವಾಲಯಕ್ಕೆ ಐತಿಹ್ಯ ಕೊಡುವ ವರ್ಷ 708.

ಎರಡನೆಯವನು ಗಬ್ರಿಯೇಲ. 'ದೇವರೇ ನನ್ನ ಬಲ' ಎಂದು ಈ ಹೆಸರಿಗೆ ಅರ್ಥ ಹೇಳುತ್ತಾರೆ. ದಾನಿಯೇಲನಿಗೆ ದರ್ಶನದ ಅರ್ಥ ಬಿಡಿಸಿ ಹೇಳಿದವನು ಈತ. ಲೂಕನ ಶುಭಸಂದೇಶದಲ್ಲಿ ಮುದಿ ಯಾಜಕ ಜಕರೀಯನಿಗೆ ಮಗ ಹುಟ್ಟುವ ಸುದ್ದಿ ತಂದವನೂ, ನಜರೇತಿನ ಮರಿಯಳಿಗೆ ಯೇಸುವಿನ ಜನನದ ಸುದ್ದಿ ತಂದವನೂ ಈತನೇ. ಕರಾವಳಿಯ ಇಗರ್ಜಿಗಳ ನೆರೆಯಲ್ಲಿ ಬೆಳೆದವರು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕೇಳಿರುವ ಗಂಟೆ ಆ ಭೇಟಿಯನ್ನು ನೆನೆಯುವ ಪ್ರಾರ್ಥನೆಗೆ ಕರೆ. ಮುಸ್ಲಿಮರು ಜಿಬ್ರಾಯೀಲ್ ಎಂದು ಗೌರವಿಸುವುದೂ ಇದೇ ದೂತನನ್ನು. ಪ್ರವಾದಿ ಮುಹಮ್ಮದರಿಗೆ ಕುರ್‌ಆನಿನ ಸಂದೇಶ ತಲುಪಿಸಿದವನು ಈತ ಎಂಬುದು ಅವರ ನಂಬಿಕೆ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ದೂರಸಂಪರ್ಕ ಕ್ಷೇತ್ರದವರಿಗೆಲ್ಲ ಗಬ್ರಿಯೇಲನನ್ನು ಪಾಲಕನೆಂದು ಸಾರಿದರು. ಟೆಲಿಫೋನು, ರೇಡಿಯೊದವರ ಜೊತೆ ಸುದ್ದಿ ಬರೆಯುವ ನಮ್ಮಂಥವರಿಗೂ ಅಲ್ಲೊಂದು ಮೂಲೆ ಸಿಗಬಹುದೇನೋ!

ಮೂರನೆಯವನು ರಫಾಯೇಲ. 'ದೇವರು ಗುಣಪಡಿಸುತ್ತಾನೆ' ಎಂದರ್ಥ. ಈತನ ಕಥೆ ಇರುವುದು ತೋಬಿತನ ಗ್ರಂಥದಲ್ಲಿ. ಪರದೇಶದಲ್ಲಿ ಸೆರೆಯಾಗಿದ್ದ ತೋಬಿತ, ಅನಾಥವಾಗಿ ಬಿದ್ದ ಹೆಣಗಳನ್ನು ಕದ್ದುಮುಚ್ಚಿ ಮಣ್ಣು ಮಾಡುವ ಧರ್ಮಿಷ್ಠ. ಒಂದು ರಾತ್ರಿ ಹೊರಗೆ ಮಲಗಿದ್ದಾಗ ಹಕ್ಕಿಯ ಹಿಕ್ಕೆ ಬಿದ್ದು ಕುರುಡನಾಗುತ್ತಾನೆ. ದೂರದ ಊರಿನಲ್ಲಿಟ್ಟಿದ್ದ ಹಣ ತರಲು ಮಗನನ್ನು ಕಳುಹಿಸುತ್ತಾನೆ. ದಾರಿಗೆ ಜೊತೆಯಾಗಿ ಅಜರ್ಯ ಎಂಬ ಹೆಸರು ಹೇಳಿಕೊಂಡ ಯುವಕನೊಬ್ಬ ಸಿಗುತ್ತಾನೆ. ಮನೆಯ ನಾಯಿಯೂ ಹಿಂದೆ ಹೊರಡುತ್ತದೆ. ದಾರಿಯಲ್ಲಿ ಹಿಡಿದ ಮೀನಿನ ಗುಂಡಿಗೆ ಮತ್ತು ಪಿತ್ತಜನಕಾಂಗಗಳ ಹೊಗೆಯಿಂದ ಒಬ್ಬ ಹೆಣ್ಣಿನ ಪೀಡೆ ಹೋಗುತ್ತದೆ, ಆಕೆ ಸೊಸೆಯಾಗಿ ಬರುತ್ತಾಳೆ. ಅದೇ ಮೀನಿನ ಪಿತ್ತದಿಂದ ತಂದೆಗೆ ಕಣ್ಣು ಬರುತ್ತದೆ. ಕೂಲಿ ಕೊಡಲು ಹೋದಾಗ ಆ ಯುವಕ ತಾನು ರಫಾಯೇಲನೆಂದೂ ದೇವರ ಸನ್ನಿಧಿಯಲ್ಲಿ ನಿಲ್ಲುವ ಏಳು ದೂತರಲ್ಲಿ ಒಬ್ಬನೆಂದೂ ತಿಳಿಸುತ್ತಾನೆ. ನನ್ನನ್ನಲ್ಲ, ದೇವರನ್ನು ಕೊಂಡಾಡಿರಿ ಎಂಬರ್ಥದ ಮಾತು ಹೇಳಿ ಕಣ್ಮರೆಯಾಗುತ್ತಾನೆ.

ಗೊಂದಲ ಶುರುವಾಗುವುದು ಇಲ್ಲಿಂದಲೇ. ಏಳು ಮಂದಿ ಇದ್ದಾರೆ ಎಂದು ಗ್ರಂಥ ಹೇಳಿತು. ಕ್ಯಾಥೊಲಿಕ್ ಬೈಬಲಿನಲ್ಲಿ ಸಿಗುವ ಹೆಸರುಗಳು ಮಾತ್ರ ಮೂರು. (ತೋಬಿತನ ಗ್ರಂಥವನ್ನು ಯೆಹೂದಿಯರೂ ಪ್ರೊಟೆಸ್ಟೆಂಟರೂ ತಮ್ಮ ಧರ್ಮಗ್ರಂಥಗಳ ಪಟ್ಟಿಯಲ್ಲಿ ಸೇರಿಸದ ಕಾರಣ ಅವರಿಗೆ ಉಳಿಯುವುದು ಎರಡೇ.) ಹಾಗಾದರೆ ಉಳಿದ ನಾಲ್ವರು ಯಾರು? ಮನುಷ್ಯನ ಕುತೂಹಲ ಖಾಲಿ ಜಾಗವನ್ನು ಸಹಿಸುವುದಿಲ್ಲ. ಪಟ್ಟಿಯಿಂದ ಹೊರಗುಳಿದ ಹನೋಕನ ಗ್ರಂಥ ಮೊದಲಾದ ಹಳೆಯ ಬರಹಗಳಲ್ಲಿ ಊರಿಯೇಲ ಮತ್ತಿತರ ಹೆಸರುಗಳಿದ್ದವು. ಜನ ಅವುಗಳನ್ನು ಎತ್ತಿಕೊಂಡರು.

ಭಯ ಇದ್ದದ್ದು ಹೆಸರಿನ ಬಗ್ಗೆಯಲ್ಲ, ಅದರಿಂದ ಹುಟ್ಟುವ ವ್ಯವಹಾರದ ಬಗ್ಗೆ. ಇಂದಿನ ಟರ್ಕಿಯಲ್ಲಿದ್ದ ಕೊಲೊಸ್ಸೆಯ ಕ್ರೈಸ್ತರಿಗೆ ಬರೆದ ಪತ್ರದಲ್ಲಿಯೇ ದೂತಪೂಜೆಯ ವಿರುದ್ಧ ಎಚ್ಚರಿಕೆಯಿದೆ. ಅದೇ ಸೀಮೆಯಲ್ಲಿ 4ನೇ ಶತಮಾನದಲ್ಲಿ ಸೇರಿದ ಲವೊದಿಕೀಯ ಸಭೆ, ದೇವಾಲಯ ಬಿಟ್ಟು ದೂತರ ಹೆಸರು ಕರೆಯುತ್ತ ಪ್ರತ್ಯೇಕ ಕೂಟ ಕಟ್ಟುವುದನ್ನು ನಿಷೇಧಿಸಿತು. ವಿಪರ್ಯಾಸ ನೋಡಿ, ಮುಂದೆ ಅದೇ ಕೊಲೊಸ್ಸೆಯ ಪಕ್ಕದಲ್ಲಿಯೇ ಮಿಕಾಯೇಲನ ಪ್ರಸಿದ್ಧ ಯಾತ್ರಾಸ್ಥಳ ಬೆಳೆಯಿತು.

ನಿರ್ಣಾಯಕ ಘಟನೆ ನಡೆದದ್ದು 745ರಲ್ಲಿ, ರೋಮ್ ನಗರದಲ್ಲಿ. ಫ್ರಾಂಕರ ನಾಡಿನಲ್ಲಿ ಅಡಲ್ಬರ್ಟ್ ಎಂಬ ಬೋಧಕ ಜನಪ್ರಿಯನಾಗಿದ್ದ. ಸ್ವರ್ಗದಿಂದ ಬಿದ್ದ ಯೇಸುವಿನ ಪತ್ರವೊಂದು ತನ್ನ ಬಳಿ ಇದೆ ಎಂದು ಹೇಳಿಕೊಳ್ಳುತ್ತಿದ್ದ. ತನ್ನ ಉಗುರು, ಕೂದಲುಗಳನ್ನು ಭಕ್ತರಿಗೆ ಹಂಚುತ್ತಿದ್ದ. ಜನ ಧರ್ಮಗುರುಗಳನ್ನು ಬಿಟ್ಟು ಅವನ ಹಿಂದೆ ಹೋದರು. ಬಿಷಪ್ ಬೋನಿಫೇಸ್ ಕೊಟ್ಟ ದೂರಿನ ಮೇಲೆ ಪೋಪ್ ಜಕಾರಿಯಸ್ ಸಭೆ ಕರೆದರು. ಅಡಲ್ಬರ್ಟನ ಪ್ರಾರ್ಥನೆಯನ್ನು ಅಲ್ಲಿ ಓದಿಸಲಾಯಿತು. ಅದರಲ್ಲಿ ಊರಿಯೇಲ, ರಗುವೇಲ, ತುಬುವೇಲ, ಸಿಮಿಯೇಲ ಎಂದು ಎಂಟು ದೂತರ ಹೆಸರುಗಳು. ಮಿಕಾಯೇಲನನ್ನು ಬಿಟ್ಟರೆ ಇವು ದೂತರ ಹೆಸರುಗಳಲ್ಲ, ದೆವ್ವಗಳ ಹೆಸರುಗಳು ಎಂದು ಸಭೆ ತೀರ್ಮಾನಿಸಿತು. ನಮಗೆ ತಿಳಿದಿರುವುದು ಮೂವರ ಹೆಸರು ಮಾತ್ರ ಎಂದಿತು. ಮಾತು ಕಟುವಾಯಿತು, ನಿಜ. ಆದರೆ ಸಭೆಯ ಮುಂದಿದ್ದದ್ದು ಒಂದು ಪಟ್ಟಿ ಮಾತ್ರವಲ್ಲ. ಯಾರಿಗೂ ಗೊತ್ತಿಲ್ಲದ್ದು ನನಗೊಬ್ಬನಿಗೆ ಗೊತ್ತು ಎನ್ನುವ ಮನುಷ್ಯನ ಹಿಡಿತಕ್ಕೆ ಸಿಕ್ಕಿದ ಬಡಜನರಿದ್ದರು.

ಅಷ್ಟಕ್ಕೆ ಕಥೆ ಮುಗಿಯಲಿಲ್ಲ. 1516ರಲ್ಲಿ ಸಿಸಿಲಿಯ ಪಲೆರ್ಮೊ ನಗರದ ಒಂದು ಚರ್ಚಿನಲ್ಲಿ ಏಳು ದೂತರ ಹಳೆಯ ಚಿತ್ರ ಬೆಳಕಿಗೆ ಬಂತು. ಅಂತೋನಿಯೊ ಲೊ ದೂಕಾ ಎಂಬ ಪಾದ್ರಿ ಅದನ್ನು ಕಂಡು ಮರುಳಾಗಿ, ರೋಮಿನಲ್ಲಿ ಏಳು ದೂತರ ಹೆಸರಿಗೆ ದೇವಾಲಯ ಕಟ್ಟಿಸಬೇಕೆಂದು ದಶಕಗಳ ಕಾಲ ಅಲೆದ. ಕೊನೆಗೆ 1561ರಲ್ಲಿ ಪೋಪ್ ನಾಲ್ಕನೇ ಪಯಸ್ ಒಪ್ಪಿದರು. ರೋಮ್ ಚಕ್ರವರ್ತಿ ಡಯೊಕ್ಲೇಷಿಯನ್ ಕಟ್ಟಿಸಿದ್ದ ಹಳೆಯ ಸ್ನಾನಗೃಹಗಳನ್ನೇ ದೇವಾಲಯವಾಗಿ ಮಾರ್ಪಡಿಸುವ ಕೆಲಸ ಎಂಬತ್ತು ದಾಟಿದ್ದ ಮೈಕೆಲಾಂಜೆಲೊಗೆ ಬಂತು. ದೂತ ಮಿಕಾಯೇಲನ ಹೆಸರನ್ನೇ ಹೊತ್ತ ಕಲಾವಿದ ಆತ! ದೇವಾಲಯವಂತೂ ಎದ್ದಿತು, ಇಂದಿಗೂ ಇದೆ. ಆದರೆ ಅದರ ಹೆಸರು 'ದೇವದೂತರ ಮತ್ತು ಹುತಾತ್ಮರ ಸಂತ ಮರಿಯ' ಎಂದಾಯಿತು. ಏಳು ಎಂಬ ಸಂಖ್ಯೆ ಹೆಸರಿನಲ್ಲಿ ಉಳಿಯಲಿಲ್ಲ.

ರೋಮಿನಿಂದ ದೂರ ಹೋದಷ್ಟೂ ಹಿಡಿತ ಸಡಿಲ. ದಕ್ಷಿಣ ಅಮೆರಿಕದ ಬೊಲಿವಿಯದಲ್ಲಿ ಕಲಮಾರ್ಕ ಎಂಬ ಊರಿನ ಚರ್ಚಿನಲ್ಲಿ 17ನೇ ಶತಮಾನದ ಚಿತ್ರಗಳಿವೆ. ಅಲ್ಲಿ ದೂತರು ಸ್ಪೇನ್ ದೇಶದ ಗಣ್ಯರ ಜರತಾರಿ ಉಡುಪು ತೊಟ್ಟು ಕೈಯಲ್ಲಿ ಬಂದೂಕು ಹಿಡಿದಿದ್ದಾರೆ. ಹೆಸರುಗಳೂ ಬೈಬಲಿನಲ್ಲಿಲ್ಲದ ಹೆಸರುಗಳು.

ಹಾಗೆಂದು ಧರ್ಮಸಭೆ ಭಕ್ತಿಗೇ ವಿರೋಧಿಯೆಂದು ತಿಳಿಯಬೇಡಿ. 1886ರಲ್ಲಿ ಪೋಪ್ ಹದಿಮೂರನೇ ಲಿಯೊ ಮಿಕಾಯೇಲನ ರಕ್ಷಣೆ ಕೋರುವ ಪ್ರಾರ್ಥನೆಯೊಂದನ್ನು ಬಲಿಪೂಜೆಯ ನಂತರ ಹೇಳುವಂತೆ ಸೇರಿಸಿದರು. 1965ರಲ್ಲಿ ಪೂಜಾವಿಧಿ ಸುಧಾರಣೆಯಾದಾಗ ಅದು ಕೈಬಿಟ್ಟಿತು. 1994ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅದನ್ನು ಮರೆಯಬೇಡಿ ಎಂದು ಜನರನ್ನು ಕೇಳಿಕೊಂಡರು. ಮೂವರಿಗೂ ಹಿಂದೆ ಬೇರೆ ಬೇರೆ ಹಬ್ಬಗಳಿದ್ದವು. 1969ರ ಪಂಚಾಂಗ ಸುಧಾರಣೆಯಲ್ಲಿ ಮೂರನ್ನೂ ಸೆಪ್ಟೆಂಬರ್ 29ಕ್ಕೆ ಒಟ್ಟುಗೂಡಿಸಲಾಯಿತು. ಹೆಸರಿಲ್ಲದ ಕಾವಲು ದೂತರಿಗೆ ಅಕ್ಟೋಬರ್ 2ರಂದು ಪ್ರತ್ಯೇಕ ಹಬ್ಬವಿದೆ. ಆದರೆ ಹೆಸರಿನ ವಿಷಯ ಬಂದಾಗ ನಿಲುವು ಬದಲಾಗಲಿಲ್ಲ. 1992ರಲ್ಲಿ, ಖಾಸಗಿ ದರ್ಶನಗಳಿಂದ ತಿಳಿದುಬಂದ ದೂತರ ಹೆಸರುಗಳನ್ನು ಬಳಸುತ್ತಿದ್ದ ಗುಂಪೊಂದಕ್ಕೆ ವ್ಯಾಟಿಕನ್ ಅದನ್ನು ನಿಲ್ಲಿಸುವಂತೆ ಆಜ್ಞಾಪಿಸಿತು. ಜನಭಕ್ತಿಯ ಬಗ್ಗೆ 2001ರಲ್ಲಿ ಸಿದ್ಧವಾದ ಮಾರ್ಗದರ್ಶಿಯೂ ಮೂವರನ್ನು ಬಿಟ್ಟು ಬೇರೆ ದೂತರಿಗೆ ಹೆಸರಿಡುವುದನ್ನು ಪ್ರೋತ್ಸಾಹಿಸಬಾರದೆನ್ನುತ್ತದೆ.

ಇಲ್ಲಿ ಎರಡು ಆಕ್ಷೇಪಣೆಗಳು ಏಳಬಹುದು. ಒಂದು, ಎಲ್ಲ ಕ್ರೈಸ್ತರೂ ಹೀಗೆ ಹೇಳುವುದಿಲ್ಲವಲ್ಲ? ನಿಜ. ಪೂರ್ವದ ಆರ್ಥೊಡಾಕ್ಸ್ ಸಂಪ್ರದಾಯದಲ್ಲಿ ಊರಿಯೇಲನಿಗೆ ಗೌರವದ ಸ್ಥಾನವಿದೆ. ಇಥಿಯೋಪಿಯದ ಆರ್ಥೊಡಾಕ್ಸ್ ಸಭೆಗೆ ಹನೋಕನ ಗ್ರಂಥವೂ ಧರ್ಮಗ್ರಂಥವೇ. ಆದ್ದರಿಂದ ಮೂರು ಎಂಬುದು ರೋಮ್ ಎಳೆದ ಗೆರೆ, ಎಲ್ಲರೂ ಒಪ್ಪಿದ ಗೆರೆಯಲ್ಲ. ಎರಡು, ಗೂಳಿ ಮತ್ತು ಬಾಣದ ಕಥೆಯನ್ನು ಸಹಿಸುವವರು ನಾಲ್ಕು ಹೆಸರನ್ನು ಏಕೆ ಸಹಿಸಬಾರದು? ಈ ಪ್ರಶ್ನೆ ಸುಲಭದ್ದಲ್ಲ.

ನನಗೆ ತೋಚಿದ ಉತ್ತರ ಹೀಗಿದೆ. ಸ್ಥಳದ ಕಥೆ ಒಂದು ಊರಿನ ನೆನಪು. ಹೆಸರು ಹಾಗಲ್ಲ. ಹೆಸರು ಗೊತ್ತಿದ್ದರೆ ಕರೆಯಬಹುದು, ಕರೆದರೆ ಬರಿಸಬಹುದು, ಬಂದವನಿಂದ ಕೆಲಸ ಮಾಡಿಸಬಹುದು ಎಂಬ ಭಾವನೆ ಎಲ್ಲ ಸಮಾಜಗಳಲ್ಲಿಯೂ ಇದೆ. ಮಾಟ ಮಂತ್ರಗಳ ಬೇರೇ ಅದು. ಬೈಬಲಿನ ದೂತರು ಈ ಹಿಡಿತಕ್ಕೆ ಸಿಕ್ಕುವುದಿಲ್ಲ. ನ್ಯಾಯಸ್ಥಾಪಕರ ಗ್ರಂಥದಲ್ಲಿ ಸಂಸೋನನ ತಂದೆ ಮಾನೋಹ ದೂತನ ಹೆಸರು ಕೇಳುತ್ತಾನೆ. ದೂತ ಹೇಳಲು ಒಪ್ಪುವುದಿಲ್ಲ. ರಫಾಯೇಲನಂತೂ ಕೆಲಸವೆಲ್ಲ ಮುಗಿಯುವ ತನಕ ಬೇರೆ ಹೆಸರಿನಲ್ಲಿಯೇ ಇದ್ದ. ಗುಣವಾದದ್ದು ಅವನ ಹೆಸರು ಕರೆದುದರಿಂದಲ್ಲ. ತನಗೆ ತಿಳಿಯದ್ದನ್ನು ತಿಳಿದಿದೆ ಎನ್ನದಿರುವುದೂ ಒಂದು ಬಗೆಯ ಭಕ್ತಿಯೇ ಎಂದು ಈ ಮೂರರ ಗೆರೆ ಹೇಳುತ್ತಿರಬಹುದು. ಧರ್ಮದ ಹೆಸರಿನಲ್ಲಿ ಎಲ್ಲವನ್ನೂ ಬಲ್ಲೆವೆನ್ನುವವರ ಸದ್ದೇ ಹೆಚ್ಚಾಗಿರುವಾಗ ಇದು ಸಣ್ಣ ಮಾತಲ್ಲ.

ಆದರೆ ಪಕ್ಕದ ಮನೆಯಾಕೆಯ ನೋವಿಗೆ ಇದು ಉತ್ತರವಾಗುವುದಿಲ್ಲ ಎಂಬುದೂ ನನಗೆ ಗೊತ್ತು. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕುಳಿತವರಿಗೆ 745ರ ತೀರ್ಮಾನ ಬೇಕಾಗಿರುವುದಿಲ್ಲ, ಒಂದು ಆಸರೆ ಬೇಕಾಗಿರುತ್ತದೆ.

ಯಜಮಾನರು ಎರಡು ತಿಂಗಳ ನಂತರ ತೀರಿಕೊಂಡರು. ಅಂತ್ಯಕ್ರಿಯೆಗೆ ನಾನೂ ಹೋಗಿದ್ದೆ. ಕೊನೆಯಲ್ಲಿ, ಪೆಟ್ಟಿಗೆಯನ್ನು ಹೊರಗೆ ಒಯ್ಯುವ ಹೊತ್ತಿಗೆ, ಮೃತನನ್ನು ದೇವದೂತರು ಸ್ವರ್ಗಕ್ಕೆ ಕರೆದೊಯ್ಯಲಿ ಎಂಬರ್ಥದ ಪ್ರಾರ್ಥನೆ ಹೇಳುತ್ತಾರೆ. ಬಹಳ ಹಳೆಯ ಪ್ರಾರ್ಥನೆ ಅದು. ಅದರಲ್ಲಿ ಯಾವ ದೂತನ ಹೆಸರೂ ಇಲ್ಲ. ಮೂರೂ ಇಲ್ಲ, ಏಳೂ ಇಲ್ಲ. ದೂತರು ಎಂದಷ್ಟೇ ಇದೆ. ಕೆಲವು ದಿನಗಳ ಬಳಿಕ ಆಕೆ ಮನೆಗೆ ಬಂದಾಗ ನಾನು ಓದಿದ್ದನ್ನೆಲ್ಲ ಹೇಳಿದೆ. ಆಕೆ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, "ಹಾಗಾದರೆ ಆವತ್ತು ಅವರೆಲ್ಲರೂ ಬಂದಿದ್ದರು ಅನ್ನಿ" ಎಂದರು.

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅದು ವರದಿಗಾರನ ಅಧಿಕಾರಕ್ಕೆ ಮೀರಿದ ವಿಷಯ.